ಗೋಫರ್ ನಿಯಮಾವಳಿಯನ್ನು ಏಕೆ ಉಳಿಸಿಕೊಳ್ಳಬೇಕು?

ಸರಳ ಲೋಲಕದಿಂದ ಇಂದು ಯಾರೂ ನಿಖರವಾದ ಕಾಲವನ್ನು ಅಳೆಯುವುದಿಲ್ಲ. 1967ರಲ್ಲಿ ಸೆಕೆಂಡಿಗೆ ಹೊಸ ವ್ಯಾಖ್ಯೆ ದೊರೆತ ಮೇಲೆ ಕಾಲಮಾಪನದ ಹೊಣೆಯು ಸೀಸಿಯಂ ಪರಮಾಣುವಿನ ಪಾಲಿಗೆ ಬಂದಿದೆ. ಆ ಪರಮಾಣುವಿಗೆ ಸಂಬಂಧಿಸಿದ ಒಂದು ವಿಕಿರಣವು 919 ಕೋಟಿಗಿಂತಲೂ ಹೆಚ್ಚು ಬಾರಿ ಕಂಪಿಸುವಷ್ಟು ಅವಧಿಯೇ ಒಂದು ಸೆಕೆಂಡ್. ಹೀಗಿದ್ದರೂ ನಮ್ಮ ಶಾಲಾ ಕಾಲೇಜುಗಳ ಪ್ರಯೋಗಶಾಲೆಗಳಿಂದ ಲೋಲಕವು ಕಾಲ್ತೆಗೆದಿಲ್ಲ. ಒಂದು ದಾರ, ಒಂದು ಲೋಹದ ಗುಂಡು, ಒಂದು ಸ್ಟ್ಯಾಂಡು—ಇಷ್ಟರಲ್ಲಿಯೇ ಗುರುತ್ವ, ಜಡತ್ವ, ಆವರ್ತನ ಇವೆಲ್ಲವೂ ವಿದ್ಯಾರ್ಥಿಯ ಕಣ್ಣೆದುರಿಗೆ ತೆರೆದುಕೊಳ್ಳುತ್ತವೆ. ಮುಚ್ಚಿಟ್ಟ ಭಾಗವೊಂದೂ ಅದರಲ್ಲಿಲ್ಲ. ದಾರದ ಉದ್ದವನ್ನು ಸುಮಾರು ಒಂದು ಮೀಟರಿಗೆ ಹೊಂದಿಸಿದರೆ ಆವರ್ತನಾವಧಿಯು ಸುಮಾರು ಎರಡು ಸೆಕೆಂಡ್ ಆಗುವುದೇಕೆಂಬುದನ್ನು ಪ್ರೌಢಶಾಲೆಯ ಹುಡುಗನೂ ತಾನೇ ಅಳೆದು, ತಾನೇ ಲೆಕ್ಕಹಾಕಿ ತಿಳಿಯಬಲ್ಲನು. ಪರಮಾಣು ಗಡಿಯಾರವು ಎಷ್ಟೇ ನಿಖರವಾಗಿರಲಿ, ಈ ಉಪಕಾರವನ್ನು ಅದು ಮಾಡಲಾರದು.

ಇದೇ ನ್ಯಾಯವನ್ನು ನಮ್ಮ ಕಾಲದ ಅತಿ ವಿಶಾಲವಾದ ಯಂತ್ರವ್ಯವಸ್ಥೆಯಾದ ಅಂತರಜಾಲಕ್ಕೂ ಅನ್ವಯಿಸಬೇಕೆಂಬುದು ಈ ಲೇಖನದ ವಾದ. ಅಂತರಜಾಲದಲ್ಲಿಯೂ ಒಂದು ಸರಳ ಲೋಲಕವುಂಟು. ಅದರ ಹೆಸರು ಗೋಫರ್. ಇದು ಸತ್ತುಹೋಯಿತೆಂದು ಹಲವರು ಭಾವಿಸಿದ್ದಾರೆ. ಬಹುಮಂದಿ ಅದರ ಹೆಸರನ್ನೇ ಕೇಳಿಲ್ಲ. ಆದರೆ ಅದು ಸತ್ತಿಲ್ಲ, ಸಾಯಬೇಕಾದ ಕಾರಣವೂ ಇಲ್ಲ. ಅದನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಇಡದೆ, ತಕ್ಕ ಕೆಲಸವನ್ನು ಕೊಟ್ಟು ಬಳಕೆಯಲ್ಲಿ ಉಳಿಸಿಕೊಳ್ಳಬೇಕು. ಈ ಮಾತಿಗೆ ಆಧಾರವೇನೆಂಬುದನ್ನು ವಿದ್ಯಾರ್ಥಿಮಿತ್ರರ ಮುಂದೆ ಇಡುತ್ತೇನೆ.

ಗೋಫರ್ ಹುಟ್ಟಿದ ಬಗೆ

ಎರಡು ಗಣಕಯಂತ್ರಗಳು ಒಂದರೊಡನೊಂದು ಮಾತನಾಡಬೇಕಾದರೆ ಮೊದಲು ಯಾರು ಮಾತನಾಡಬೇಕು, ಯಾವ ಕ್ರಮದಲ್ಲಿ ಕೇಳಬೇಕು, ಉತ್ತರವು ಮುಗಿಯಿತೆಂದು ತಿಳಿಯುವುದು ಹೇಗೆ, ಇವೇ ಮೊದಲಾದ ವಿಷಯಗಳಲ್ಲಿ ಮುಂಚಿತವಾಗಿಯೇ ಒಡಂಬಡಿಕೆ ಇರಬೇಕು. ಅಂಚೆಯ ಲಕೋಟೆಯ ಮೇಲೆ ವಿಳಾಸವನ್ನು ಎಲ್ಲಿ ಬರೆಯಬೇಕು, ಚೀಟಿಯನ್ನು ಎಲ್ಲಿ ಅಂಟಿಸಬೇಕು ಎಂಬ ಒಡಂಬಡಿಕೆ ಇರುವಂತೆಯೇ ಇದು. ಇಂಥ ಒಡಂಬಡಿಕೆಗೆ ಪ್ರೋಟೊಕಾಲ್ ಎಂದು ಹೆಸರು. ನಾವು ಅದನ್ನು ನಿಯಮಾವಳಿ ಎಂದು ಕರೆಯೋಣ. ವಿಷಯವನ್ನು ಕೇಳುವ ಗಣಕಕ್ಕೆ ಕ್ಲೈಂಟ್ ಎಂದೂ, ಕೊಡುವ ಗಣಕಕ್ಕೆ ಸರ್ವರ್ ಎಂದೂ ಹೇಳುವ ರೂಢಿ.

1991ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಮೆಕಾಹಿಲ್ ಎಂಬವರ ನೇತೃತ್ವದ ಒಂದು ಸಣ್ಣ ತಂಡವು ಗೋಫರ್ ನಿಯಮಾವಳಿಯನ್ನು ರೂಪಿಸಿತು. ಅದಕ್ಕೆ ಮುಂಚೆ ದೂರದ ಗಣಕದಲ್ಲಿರುವ ಕಡತವೊಂದನ್ನು ತರಿಸಿಕೊಳ್ಳಬೇಕಾದರೆ, ಆ ಗಣಕದ ಹೆಸರನ್ನೂ, ಕಡತವಿರುವ ಜಾಗವನ್ನೂ, ಅದನ್ನು ತರಿಸುವ ಆಜ್ಞೆಗಳನ್ನೂ ನೆನಪಿನಲ್ಲಿ ಇಟ್ಟುಕೊಂಡಿರಬೇಕಾಗಿತ್ತು. ಗೋಫರ್ ಬಂದ ಮೇಲೆ ತೆರೆಯ ಮೇಲೆ ಒಂದು ಪಟ್ಟಿ ಕಾಣಿಸಿತು. ಬೇಕಾದ ಸಾಲನ್ನು ಆರಿಸಿದರೆ ಕಡತವಾದರೂ ಬರುತ್ತಿತ್ತು, ಇಲ್ಲವೆ ಮತ್ತೊಂದು ಪಟ್ಟಿಯಾದರೂ ಬರುತ್ತಿತ್ತು. ಆ ಎರಡನೆಯ ಪಟ್ಟಿಯು ಅದೇ ಊರಿನ ಗಣಕದ್ದಾಗಿರಬಹುದು, ಇಲ್ಲವೆ ಭೂಮಿಯ ಮತ್ತೊಂದು ಮಗ್ಗುಲಿನ ಗಣಕದ್ದಾಗಿರಬಹುದು. ಓದುಗನಿಗೆ ಅದರ ಚಿಂತೆಯಿಲ್ಲ.

ಗೋಫರ್ ಎಂಬುದು ಉತ್ತರ ಅಮೆರಿಕದಲ್ಲಿ ನೆಲವನ್ನು ತೋಡಿ ಬಿಲದಲ್ಲಿ ವಾಸಿಸುವ ಒಂದು ದಂಶಕ ಪ್ರಾಣಿ. ಮಿನೆಸೋಟ ರಾಜ್ಯಕ್ಕೂ ಅಲ್ಲಿಯ ವಿಶ್ವವಿದ್ಯಾಲಯದ ಕ್ರೀಡಾತಂಡಗಳಿಗೂ ಅದರ ಹೆಸರೇ ಅಂಕಿತ. ಇಂಗ್ಲಿಷಿನಲ್ಲಿ ‘ಹೋಗಿ ತಾ’ ಎಂಬರ್ಥದ ಪದಗಳನ್ನು ಬೇಗನೆ ಉಚ್ಚರಿಸಿದರೂ ಹೆಚ್ಚುಕಡಿಮೆ ಇದೇ ಧ್ವನಿ ಹೊರಡುತ್ತದೆ. ಕೇಳಿದುದನ್ನು ಬಿಲದಿಂದ ಹೊರತಂದು ಕೊಡುವ ಈ ಏರ್ಪಾಡಿಗೆ ಆ ಹೆಸರು ಚೆನ್ನಾಗಿಯೇ ಒಪ್ಪಿತು. 1992ರಲ್ಲಿ ನೆವಾಡ ವಿಶ್ವವಿದ್ಯಾಲಯದಲ್ಲಿ ‘ವೆರೋನಿಕ’ ಎಂಬ ಶೋಧನ ಸಾಧನವೂ ಸಿದ್ಧವಾಗಿ, ಜಗತ್ತಿನ ಗೋಫರ್ ಪಟ್ಟಿಗಳಲ್ಲಿ ಬೇಕಾದ ಹೆಸರನ್ನು ಹುಡುಕುವುದು ಸಾಧ್ಯವಾಯಿತು.

ಅದರ ಕಾರ್ಯವಿಧಾನ

ಗೋಫರಿನ ಹಿರಿಮೆ ಇರುವುದು ಅದರ ಕಾರ್ಯವಿಧಾನದ ಸರಳತೆಯಲ್ಲಿ. ಆದುದರಿಂದ ಅದನ್ನು ತುಸು ವಿವರವಾಗಿಯೇ ನೋಡೋಣ.

ಕ್ಲೈಂಟು ಸರ್ವರಿನ 70ನೆಯ ಸಂಖ್ಯೆಯ ದ್ವಾರಕ್ಕೆ ಸಂಪರ್ಕವನ್ನು ಕಲ್ಪಿಸಿಕೊಳ್ಳುತ್ತದೆ. ದ್ವಾರವೆಂದರೆ ಇಲ್ಲಿ ಒಂದು ಸಂಖ್ಯೆ ಅಷ್ಟೆ. ಒಂದೇ ಗಣಕದಲ್ಲಿ ನಡೆಯುವ ಹಲವು ಸೇವೆಗಳನ್ನು ಬೇರ್ಪಡಿಸಲು ಅದು ಬೇಕು. ಸಂಪರ್ಕವಾದೊಡನೆ ಕ್ಲೈಂಟು ಒಂದೇ ಒಂದು ಸಾಲನ್ನು ಕಳುಹಿಸುತ್ತದೆ. ತನಗೆ ಬೇಕಾದ ವಸ್ತುವಿನ ಗುರುತು ಆ ಸಾಲಿನಲ್ಲಿರುತ್ತದೆ. ಏನೂ ಬರೆಯದ ಖಾಲಿ ಸಾಲನ್ನು ಕಳುಹಿಸಿದರೆ ‘ನಿನ್ನಲ್ಲಿ ಏನೇನಿದೆ, ಮುಖ್ಯ ಪಟ್ಟಿಯನ್ನು ಕೊಡು’ ಎಂದು ಕೇಳಿದಂತೆ. ಸರ್ವರು ಕೇಳಿದುದನ್ನು ಕೊಟ್ಟು ಸಂಪರ್ಕವನ್ನು ಕಡಿದುಕೊಳ್ಳುತ್ತದೆ. ವ್ಯವಹಾರ ಅಲ್ಲಿಗೆ ಮುಗಿಯಿತು. ಕೇಳಿದವರಾರು, ನಿನ್ನೆ ಏನು ಕೇಳಿದ್ದರು ಎಂಬುದನ್ನು ನೆನಪಿಟ್ಟುಕೊಳ್ಳುವ ಏರ್ಪಾಡು ಈ ನಿಯಮಾವಳಿಯಲ್ಲಿಲ್ಲ.

ಪಟ್ಟಿಯ ರಚನೆಯೂ ಇಷ್ಟೇ ಸುಲಭ. ಒಂದೊಂದು ಸಾಲೂ ಒಂದೊಂದು ವಸ್ತುವನ್ನು ಸೂಚಿಸುತ್ತದೆ. ಸಾಲಿನ ಮೊದಲನೆಯ ಚಿಹ್ನೆ ಆ ವಸ್ತುವಿನ ಜಾತಿಯನ್ನು ಹೇಳುತ್ತದೆ: 0 ಎಂದಿದ್ದರೆ ಬರಹ, 1 ಎಂದಿದ್ದರೆ ಮತ್ತೊಂದು ಪಟ್ಟಿ, 7 ಎಂದಿದ್ದರೆ ಶೋಧನೆ, 9 ಎಂದಿದ್ದರೆ ಬರಹವಲ್ಲದ ಇತರ ಕಡತ. ಅದರ ಹಿಂದೆಯೇ ಓದುಗನಿಗೆ ಕಾಣಿಸಬೇಕಾದ ಹೆಸರು. ಅನಂತರ ಆ ವಸ್ತುವಿನ ಗುರುತು, ಅದಿರುವ ಗಣಕದ ಹೆಸರು, ದ್ವಾರದ ಸಂಖ್ಯೆ. ಈ ನಾಲ್ಕು ಅಂಗಗಳ ನಡುವೆ ಟ್ಯಾಬ್ ಎಂಬ ಖಾಲಿ ಜಾಗದ ಚಿಹ್ನೆ. ಪಟ್ಟಿಯ ಕೊನೆಯಲ್ಲಿ ಒಂಟಿಯಾಗಿ ನಿಂತ ಒಂದು ಚುಕ್ಕೆ. ಒಂದು ಕಾಲೇಜು ತನ್ನ ಮಳೆಮಾಪಕದ ಲೆಕ್ಕವನ್ನು ಹೀಗೆ ಪ್ರಕಟಿಸುತ್ತದೆ ಎಂದಿಟ್ಟುಕೊಳ್ಳಿ. ಮೊದಲು 0 ಎಂಬ ಅಂಕೆ, ಅದಕ್ಕೆ ತಗುಲಿದಂತೆ ‘ಜುಲೈ ತಿಂಗಳ ಮಳೆ’ ಎಂಬ ಹೆಸರು, ಆಮೇಲೆ ಕಡತದ ಗುರುತು, ಕಾಲೇಜಿನ ಗಣಕದ ಹೆಸರು, ಕೊನೆಗೆ 70. ಒಂದು ಸಾಲು ಸಿದ್ಧವಾಯಿತು.

1993ರ ಮಾರ್ಚಿಯಲ್ಲಿ ಪ್ರಕಟವಾದ ಈ ನಿಯಮಾವಳಿಯ ಅಧಿಕೃತ ವಿವರಣೆ 16 ಪುಟಗಳಲ್ಲಿ ಮುಗಿಯುತ್ತದೆ. ಇದಕ್ಕೆ ಪ್ರತಿಯಾಗಿ, ಇಂದು ಎಲ್ಲರೂ ಬಳಸುವ ವೆಬ್ಬಿನ ಆಧಾರವಾದ ಎಚ್‌ಟಿಟಿಪಿ ನಿಯಮಾವಳಿಯ 1999ರ ಆವೃತ್ತಿಗೆ 176 ಪುಟಗಳು ಬೇಕಾದವು. ಅದು ಪುಟವನ್ನು ಸಾಗಿಸುವ ನಿಯಮಗಳು ಮಾತ್ರ. ಪುಟದ ರಚನೆ, ಅಲಂಕಾರ, ಪುಟದೊಳಗೆ ಓಡುವ ಕ್ರಮವಿಧಿಗಳು ಇವುಗಳ ನಿಯಮಗಳೆಲ್ಲ ಬೇರೆಯೇ ಇವೆ.

ಹಿನ್ನಡೆಯ ಕಾರಣಗಳು

ಇಷ್ಟು ಸುಲಭವಾದ ವ್ಯವಸ್ಥೆಯು ಹಿಂದೆ ಬಿದ್ದುದೇಕೆ? ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು. 1993ರ ಆರಂಭದಲ್ಲಿ ಮಿನೆಸೋಟ ವಿಶ್ವವಿದ್ಯಾಲಯವು ತಾನು ಬರೆದ ಗೋಫರ್ ಸರ್ವರನ್ನು ವಾಣಿಜ್ಯಕ್ಕಾಗಿ ಬಳಸುವವರು ಶುಲ್ಕವನ್ನು ಕೊಡಬೇಕೆಂದು ಪ್ರಕಟಿಸಿತು. ಅದೇ ವರ್ಷ ಏಪ್ರಿಲ್ 30ರಂದು ಜಿನೀವಾದ ಬಳಿಯ ಸರ್ನ್ ಸಂಸ್ಥೆಯು, ಟಿಮ್ ಬರ್ನರ್ಸ್-ಲೀ ಅವರು ಅಲ್ಲಿ ರೂಪಿಸಿದ್ದ ವೆಬ್ಬಿನ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಸಾರ್ವಜನಿಕರ ಸೊತ್ತನ್ನಾಗಿ ಬಿಟ್ಟುಕೊಟ್ಟಿತು. ಜನರು ಯಾವ ಕಡೆಗೆ ಒಲಿದರೆಂಬುದನ್ನು ವಿವರಿಸಬೇಕಾಗಿಲ್ಲ. 2000ದಲ್ಲಿ ವಿಶ್ವವಿದ್ಯಾಲಯವು ತನ್ನ ಗೋಫರ್ ತಂತ್ರಾಂಶವನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದಾಗ ಕಾಲ ಮೀರಿತ್ತು.

ಎರಡನೆಯ ಕಾರಣ ಗುಣಕ್ಕೆ ಸಂಬಂಧಿಸಿದ್ದು. ಅದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಗೋಫರಿನಲ್ಲಿ ಪಟ್ಟಿ ಬೇರೆ, ಬರಹ ಬೇರೆ. ಬರಹದ ನಡುವಿನ ಒಂದು ಪದದಿಂದ ಮತ್ತೊಂದು ಬರಹಕ್ಕೆ ನೇರವಾಗಿ ನೆಗೆಯಲು ಅದರಲ್ಲಿ ಅವಕಾಶವಿಲ್ಲ. ಚಿತ್ರವು ಬರಹದ ಪಕ್ಕದಲ್ಲಿ ಕೂಡಲಾರದು. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಬಂದ ಮೊಸಾಯಿಕ್ ಎಂಬ ಬ್ರೌಸರ್ ಅಕ್ಷರವನ್ನೂ ಚಿತ್ರವನ್ನೂ ಒಂದೇ ಪುಟದಲ್ಲಿ ತೋರಿಸಿದಾಗ ಜನರು ಬೆರಗಾದುದು ಸಹಜವೇ. ವೆಬ್ ಗೆದ್ದುದು ಅನ್ಯಾಯದಿಂದಲ್ಲ.

ನಮ್ಮ ದೇಶದ ಮಟ್ಟಿಗೆ ಗೋಫರಿನ ವೈಭವದ ಕಾಲವು ಸಾಮಾನ್ಯ ಜನರ ಅರಿವಿಗೆ ಬಾರದೆಯೇ ಕಳೆದುಹೋಯಿತು. 1986ರಲ್ಲಿ ಆರಂಭವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಐಐಟಿಗಳೂ ಪಾಲುಗೊಂಡಿದ್ದುದರಿಂದ ಅಲ್ಲಿಯ ವಿದ್ವಾಂಸರಿಗೆ ಇಂಥ ಜಾಲದ ಪರಿಚಯ ಮೊದಲೇ ಇತ್ತು. ಆದರೆ ಸಾರ್ವಜನಿಕರಿಗೆ ವಿಎಸ್‌ಎನ್‌ಎಲ್ ಮೂಲಕ ಅಂತರಜಾಲವು ತೆರೆದುದು 1995ರ ಆಗಸ್ಟ್ 15ರಂದು. ಅಷ್ಟರಲ್ಲಿ ವೆಬ್ಬಿನ ಯುಗ ಪ್ರಾರಂಭವಾಗಿತ್ತು. ಅಕ್ಷರಗಳನ್ನು ಮಾತ್ರ ತೋರಿಸುವ ಸಂಪರ್ಕವನ್ನು ಆಗ ಪಡೆದಿದ್ದ ವಿದ್ಯಾರ್ಥಿಗಳು ಲಿಂಕ್ಸ್ ಎಂಬ ಪಠ್ಯ ಬ್ರೌಸರನ್ನು ಬಳಸುತ್ತಿದ್ದರು. ಆ ಲಿಂಕ್ಸ್ ಇಂದಿಗೂ ಗೋಫರನ್ನು ಬಲ್ಲದು. ಫೈರ್‌ಫಾಕ್ಸ್ ಮಾತ್ರ 2011ರಲ್ಲಿ ಹೊರಬಂದ ತನ್ನ 4ನೆಯ ಆವೃತ್ತಿಯಿಂದ ಅದನ್ನು ಕೈಬಿಟ್ಟಿತು.

ಇಂದು ಜಗತ್ತಿನಲ್ಲಿ ಉಳಿದಿರುವ ಗೋಫರ್ ಸರ್ವರುಗಳು ಕೆಲವು ನೂರು ಮಾತ್ರ. ಹೆಚ್ಚಿನವನ್ನು ನಡೆಸುತ್ತಿರುವವರು ಸ್ವಂತ ಆಸಕ್ತಿಯಿಂದ ದುಡಿಯುವ ಹವ್ಯಾಸಿಗಳು. 1987ರಲ್ಲಿ ಆರಂಭವಾದ ಎಸ್‌ಡಿಎಫ್ ಎಂಬ ಸಾರ್ವಜನಿಕ ಗಣಕವ್ಯವಸ್ಥೆಯು ತನ್ನ ಸದಸ್ಯರಿಗೆ ಗೋಫರಿನಲ್ಲಿ ಜಾಗ ಕೊಡುತ್ತದೆ. ಹೀಗಿರುವಲ್ಲಿ ಇದನ್ನು ಉಳಿಸುವುದರಿಂದ ಏನು ಪ್ರಯೋಜನವೆಂದು ಕೇಳುವುದು ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರದಲ್ಲಿ ಮೂರು ಅಂಗಗಳಿವೆ.

ಮೊದಲನೆಯ ಕಾರಣ: ಪೂರ್ತಿಯಾಗಿ ತಿಳಿಯಬಹುದಾದ ಯಂತ್ರ

ಬೆರಳಿನಿಂದ ತೆರೆಯನ್ನು ಮುಟ್ಟಿದ ಮೇಲೆ ಪುಟವು ಕಾಣಿಸುವವರೆಗೆ ನಡುವೆ ಏನೇನು ನಡೆಯುತ್ತದೆ ಎಂದು ತರಗತಿಯಲ್ಲಿ ಕೇಳಿದರೆ ಬರುವ ಉತ್ತರಗಳು ಬಹಳ ಅಸ್ಪಷ್ಟ. ಇದು ವಿದ್ಯಾರ್ಥಿಗಳ ದೋಷವಲ್ಲ. ಆಧುನಿಕ ವೆಬ್ ಪುಟವೊಂದನ್ನು ಬಿಚ್ಚಿ ತೋರಿಸುವುದು ಉಪಾಧ್ಯಾಯನಿಗೂ ಕಷ್ಟ. ಗೂಢಲಿಪಿ, ಸಂಕೋಚನ, ಹತ್ತಾರು ಗಣಕಗಳಿಂದ ಬರುವ ತುಣುಕುಗಳು ಇವೆಲ್ಲ ಹೆಣೆದುಕೊಂಡಿರುವ ಗಂಟು ಅದು.

ಗೋಫರಿನಲ್ಲಿ ಅಂಥ ಗಂಟಿಲ್ಲ. ಪೈಥಾನ್ ಭಾಷೆಯಲ್ಲಿ ಪ್ರಾಥಮಿಕ ಪರಿಚಯವಿರುವ ವಿದ್ಯಾರ್ಥಿ ಗೋಫರ್ ಕ್ಲೈಂಟ್ ಒಂದನ್ನು ತಾನೇ ಬರೆಯಬಹುದು. ಸಂಪರ್ಕವನ್ನು ತೆರೆಯುವುದು, ಒಂದು ಸಾಲನ್ನು ಕಳುಹಿಸುವುದು, ಬಂದುದನ್ನು ಕೊನೆಯವರೆಗೆ ಓದುವುದು, ಟ್ಯಾಬ್ ಇರುವ ಕಡೆ ಕತ್ತರಿಸುವುದು, ಪಟ್ಟಿಯನ್ನು ತೋರಿಸುವುದು—ಕೆಲಸ ಇಷ್ಟೇ. ಇದನ್ನು ಸ್ವತಃ ಮಾಡಿದವನಿಗೆ ಕ್ಲೈಂಟ್, ಸರ್ವರ್, ದ್ವಾರ, ವಿಳಾಸ ಎಂಬ ಪದಗಳು ಪರೀಕ್ಷೆಗಾಗಿ ಉರುಹೊಡೆದ ಪದಗಳಾಗಿ ಉಳಿಯುವುದಿಲ್ಲ. ಲೋಲಕವನ್ನು ತೂಗಿಬಿಟ್ಟವನು ಮುಂದೆ ವಿದ್ಯುದಾಂದೋಲಕವನ್ನು ಬೇಗ ತಿಳಿಯುವಂತೆ, ಗೋಫರನ್ನು ಬಲ್ಲವನು ವೆಬ್ಬನ್ನೂ ಬೇಗ ತಿಳಿಯುತ್ತಾನೆ. ಎರಡರಲ್ಲಿಯೂ ಮೂಲ ವ್ಯವಹಾರವು ಕೇಳುವುದು ಮತ್ತು ಕೊಡುವುದೇ ಆಗಿದೆ.

ಎರಡನೆಯ ಕಾರಣ: ಮಿತವ್ಯಯ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಅಂತರಜಾಲವು ಮರೆತಿದೆ. ಎರಡು ಮೆಗಾಬೈಟ್ ತೂಗುವ ಪುಟಗಳು ಇಂದು ಸರ್ವಸಾಧಾರಣ. ಅವುಗಳೊಳಗಿನ ಓದತಕ್ಕ ಬರಹವು ಹಲವು ವೇಳೆ ಅದರ ಒಂದು ಸಣ್ಣ ಅಂಶ ಮಾತ್ರ. ಒಂದು ಲೆಕ್ಕವನ್ನು ಮಾಡಿ ನೋಡೋಣ. ಕನ್ನಡದ ಒಂದೊಂದು ಅಕ್ಷರಸಂಕೇತಕ್ಕೂ ಯುಟಿಎಫ್-8 ಎಂಬ ಲಿಪಿಕ್ರಮದಲ್ಲಿ ಮೂರು ಬೈಟುಗಳು ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರವನ್ನು ಉಂಟುಮಾಡುವ ವಿರಾಮಚಿಹ್ನೆಯೂ ಸೇರಿ ಐದು ಸಂಕೇತಗಳಿರುವುದರಿಂದ ಅದು 15 ಬೈಟುಗಳನ್ನು ಹಿಡಿಯುತ್ತದೆ. ಇಪ್ಪತ್ತು ಸಾವಿರ ಸಂಕೇತಗಳ ಒಂದು ಲೇಖನಕ್ಕೆ ಹೆಚ್ಚೆಂದರೆ 60,000 ಬೈಟುಗಳು, ಅಂದರೆ 4,80,000 ಬಿಟ್‌ಗಳು. ಮಲೆನಾಡಿನ ಯಾವುದೋ ಕಣಿವೆಯಲ್ಲಿ ಸಂಕೇತವು ಕ್ಷೀಣಿಸಿ ಸೆಕೆಂಡಿಗೆ 40,000 ಬಿಟ್‌ಗಳು ಮಾತ್ರ ಬರುತ್ತಿವೆಯೆನ್ನಿ. ಆಗಲೂ ಗೋಫರಿನಲ್ಲಿ ಈ ಲೇಖನವು 12 ಸೆಕೆಂಡಿನಲ್ಲಿ ಕೈಸೇರುತ್ತದೆ. ಎರಡು ಮೆಗಾಬೈಟ್ ತೂಕದ ಪುಟದ ರೂಪದಲ್ಲಿಯಾದರೆ 400 ಸೆಕೆಂಡ್, ಅಂದರೆ ಆರೂಮುಕ್ಕಾಲು ನಿಮಿಷಕ್ಕೆ ತುಸು ಕಡಮೆ. ಅಷ್ಟು ಹೊತ್ತು ಕಾಯುವ ತಾಳ್ಮೆ ಯಾರಿಗಿದೆ?

ಮಳೆಯ ಲೆಕ್ಕದ ಉದಾಹರಣೆಯನ್ನೇ ಮುಂದುವರಿಸೋಣ. ದಿನಕ್ಕೊಂದು ಸಾಲು, ಸಾಲಿಗೆ ಸುಮಾರು 20 ಬೈಟುಗಳು ಎಂದರೆ ವರ್ಷಕ್ಕೆ 7,300 ಬೈಟುಗಳಾದವು. ನೂರು ವರ್ಷಗಳ ಮಳೆಯ ಇತಿಹಾಸವು 7,30,000 ಬೈಟುಗಳಲ್ಲಿ ಅಡಗುತ್ತದೆ. ಇಂದಿನ ದೂರವಾಣಿಯಲ್ಲಿ ತೆಗೆದ ಒಂದು ಭಾವಚಿತ್ರಕ್ಕೆ ಅದಕ್ಕಿಂತ ಹೆಚ್ಚು ಜಾಗ ಬೇಕಾಗುವುದುಂಟು. ಇಂಥ ಒಂದು ಪಟ್ಟಿಯನ್ನು ಒದಗಿಸಲು ದೊಡ್ಡ ವ್ಯವಸ್ಥೆಯನ್ನು ಕಟ್ಟುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವನ್ನು ಪ್ರಯೋಗಿಸಿದಂತೆ. ಮೂಲೆಯಲ್ಲಿ ಧೂಳು ಹಿಡಿದು ಕೂತಿರುವ ಹಳೆಯ ಗಣಕವೊಂದು ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಇಲ್ಲಿ ಕನ್ನಡಿಗರಿಗೆ ಒಂದು ಸಂದೇಹ ಬರಬಹುದು. 1991ರಲ್ಲಿ ಅಮೆರಿಕದವರು ತಮ್ಮ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ರಚಿಸಿದ ನಿಯಮಾವಳಿಯಲ್ಲಿ ನಮ್ಮ ಲಿಪಿಗೆ ಎಡೆಯುಂಟೆ? ಉಂಟು, ಅದು ಸಾಧ್ಯವಾಗಿರುವ ರೀತಿ ಸ್ವಾರಸ್ಯವಾಗಿದೆ. 1992ರಲ್ಲಿ ಕೆನ್ ತಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು ಯುಟಿಎಫ್-8 ಕ್ರಮವನ್ನು ರೂಪಿಸುವಾಗ, ಹಳೆಯ ಆಂಗ್ಲ ಚಿಹ್ನೆಗಳು 0ಯಿಂದ 127ರವರೆಗಿನ ಬೆಲೆಗಳಲ್ಲಿ ಇದ್ದಂತೆಯೇ ಉಳಿಯಬೇಕೆಂದೂ, ಉಳಿದೆಲ್ಲ ಲಿಪಿಗಳ ಬೈಟುಗಳು 128ಕ್ಕೆ ಕಡಮೆಯಾಗಕೂಡದೆಂದೂ ಏರ್ಪಡಿಸಿದರು. ಗೋಫರ್ ಕಾದು ನೋಡುವುದು ಟ್ಯಾಬ್, ಸಾಲಿನ ಕೊನೆ, ಒಂಟಿ ಚುಕ್ಕೆ ಇವುಗಳನ್ನು ಮಾತ್ರ. ಇವೆಲ್ಲವೂ 127ರ ಒಳಗಿನವು. ಆದುದರಿಂದ ಕನ್ನಡದ ಯಾವ ಅಕ್ಷರವೂ ಇವುಗಳ ವೇಷದಲ್ಲಿ ಬಂದು ಸರ್ವರನ್ನು ಮೋಸಗೊಳಿಸಲಾರದು. ನಿಯಮದ ಒಂದು ಅಕ್ಷರವನ್ನೂ ತಿದ್ದದೆ ಕನ್ನಡದ ಬರಹವು ಗೋಫರಿನಲ್ಲಿ ಸುಗಮವಾಗಿ ಸಂಚರಿಸುತ್ತದೆ. ಓದುವವನ ತೆರೆಯು ಕನ್ನಡವನ್ನು ತೋರಿಸಬಲ್ಲದಾದರೆ ಸಾಕು.

ಮೂರನೆಯ ಕಾರಣ: ಓದುಗನ ಸ್ವಾತಂತ್ರ್ಯ

ಇದು ಎಲ್ಲಕ್ಕಿಂತ ಗಂಭೀರವಾದುದು. ವೆಬ್ ಪುಟವನ್ನು ಓದಿ ತೆರೆಯ ಮೇಲೆ ಚಿತ್ರಿಸುವ ಬ್ರೌಸರಿನ ಒಳಯಂತ್ರವನ್ನು ಹೊಸದಾಗಿ ಕಟ್ಟುವುದು ಇಂದು ಮಹಾಸಾಹಸವಾಗಿದೆ. 2013ರಲ್ಲಿ ಒಪೆರಾ ಸಂಸ್ಥೆಯು ತನ್ನ ಸ್ವಂತ ಒಳಯಂತ್ರವನ್ನು ಬಿಟ್ಟುಕೊಟ್ಟಿತು. ಮೈಕ್ರೋಸಾಫ್ಟ್‌ನಂಥ ಧನಿಕ ಸಂಸ್ಥೆಯೂ ತನ್ನದನ್ನು ತೊರೆದು, 2020ರಲ್ಲಿ ಗೂಗಲ್ ಮುಂದುವರಿಸುತ್ತಿರುವ ಕ್ರೋಮಿಯಂನ ಆಧಾರದ ಮೇಲೆ ತನ್ನ ಬ್ರೌಸರನ್ನು ಹೊಸದಾಗಿ ಹೊರತಂದಿತು. ಗೂಗಲ್, ಆಪಲ್, ಮೊಜಿಲ್ಲ ಇವರ ಮೂರು ಒಳಯಂತ್ರಗಳೇ ಈಗ ಪ್ರಮುಖವಾಗಿ ಉಳಿದಿರುವುವು. ಇವು ಮುಕ್ತ ತಂತ್ರಾಂಶಗಳೆಂಬುದು ನಿಜ. ಆದರೆ ಲಕ್ಷಾಂತರ ಸಾಲುಗಳ ಅಂಥ ರಚನೆಯನ್ನು ಒಬ್ಬನು ಓದಿ ಅರಗಿಸಿಕೊಳ್ಳುವುದು ಹೇಗೆ?

ಪುಸ್ತಕವನ್ನು ಓದಲು ಕನ್ನಡಕ ಬೇಕಾದವನು ಆ ಕನ್ನಡಕವನ್ನು ಜಗತ್ತಿನಲ್ಲಿ ಮೂವರಿಂದ ಮಾತ್ರ ಪಡೆಯಬಹುದೆಂದಾದರೆ, ಪುಸ್ತಕವು ತನ್ನದೇ ಆದರೂ ಓದುವ ಶಕ್ತಿ ಪರಾಧೀನವಾಯಿತು. ಗೋಫರಿನಲ್ಲಿ ಈ ಪರಾಧೀನತೆಯಿಲ್ಲ. ಒಂದು ಓದುವ ಸಾಧನವು ಹೋದರೆ ಮತ್ತೊಂದನ್ನು ಒಬ್ಬ ವಿದ್ಯಾರ್ಥಿಯೇ ಬರೆದುಕೊಳ್ಳಬಹುದು. ಫೈರ್‌ಫಾಕ್ಸ್ ಕೈಬಿಟ್ಟ ಮೇಲೆಯೂ ಗೋಫರ್ ಉಳಿದುಕೊಂಡಿರುವುದರ ರಹಸ್ಯ ಇದೇ. ಬಹುಕಾಲ ಉಳಿಯಬೇಕಾದ ಸಾರ್ವಜನಿಕ ಬರಹಗಳು ಇಂಥ ಸುಲಭವಾದ ಒಂದು ದಾರಿಯಲ್ಲಿಯೂ ದೊರೆಯುವಂತಿರುವುದು ವಿವೇಕ.

ಆಕ್ಷೇಪಣೆಗಳು

ಈ ವಾದಕ್ಕೆ ಬಲವಾದ ಆಕ್ಷೇಪಣೆಗಳು ಇಲ್ಲದೆ ಇಲ್ಲ. ಮೊದಲನೆಯದು ಭದ್ರತೆ. ಗೋಫರಿನಲ್ಲಿ ಮಾತುಕತೆಯೆಲ್ಲ ಬಯಲಿನಲ್ಲಿ ನಡೆಯುತ್ತದೆ. ನಡುದಾರಿಯಲ್ಲಿರುವವನು ನಾವು ಏನನ್ನು ಕೇಳಿದೆವೆಂಬುದನ್ನು ನೋಡಬಲ್ಲನು. ಬರುವ ಉತ್ತರವನ್ನು ತಿದ್ದಲೂ ಬಲ್ಲನು. ಆದುದರಿಂದ ಹಣದ ವ್ಯವಹಾರ, ಗುಪ್ತಪದ, ರೋಗಿಯ ವಿವರ, ಪರೀಕ್ಷೆಯ ಅಂಕಗಳು ಮುಂತಾದ ಯಾವುದನ್ನೂ ಅದರಲ್ಲಿ ಸಾಗಿಸಕೂಡದು. ಇದರಲ್ಲಿ ರಾಜಿಗೆ ಎಡೆಯಿಲ್ಲ. ಎಲ್ಲರಿಗೂ ತೆರೆದಿಟ್ಟ, ನೋಡಿದರೆ ಯಾರಿಗೂ ಹಾನಿಯಾಗದ ಬರಹಗಳಿಗೆ ಮಾತ್ರ ಅದು ಯೋಗ್ಯ. ಗೋಫರಿನ ಸರಳತೆಯನ್ನೂ ಗೂಢಲಿಪಿಯ ರಕ್ಷಣೆಯನ್ನೂ ಕೂಡಿಸಬೇಕೆಂಬ ಉದ್ದೇಶದಿಂದ 2019ರಲ್ಲಿ ಜೆಮಿನಿ ಎಂಬ ಹೊಸ ನಿಯಮಾವಳಿ ಹುಟ್ಟಿತು. ಅಮೆರಿಕದ ಜೆಮಿನಿ ನೌಕೆಯು ಮೊದಲ ಬಾರಿಗೆ ಮಾನವರನ್ನು ಹೊತ್ತು ಹಾರಿದ 1965ನೆಯ ಇಸವಿಯೇ ಅದರ ದ್ವಾರಸಂಖ್ಯೆ. ರಕ್ಷಣೆ ಬೇಕಾದವರು ಅದನ್ನು ಪರಿಶೀಲಿಸಬಹುದು.

ಎರಡನೆಯ ಆಕ್ಷೇಪಣೆ ಹೀಗೆ: ಅಲಂಕಾರವಿಲ್ಲದ ಹಗುರವಾದ ಪುಟವನ್ನು ವೆಬ್ಬಿನಲ್ಲಿಯೂ ಬರೆಯಬಹುದಲ್ಲ, ಗೋಫರೇ ಏಕೆ? ಬರೆಯಬಹುದು, ಬರೆಯಲೂಬೇಕು. ಆದರೆ ಅಲ್ಲಿ ಮಿತವು ಬರೆಯುವವನ ಮನಸ್ಸಂಯಮವನ್ನು ಅವಲಂಬಿಸಿದೆ. ಇಲ್ಲಿ ಮಿತವು ನಿಯಮದಲ್ಲಿಯೇ ಅಡಗಿದೆ. ಗೋಫರಿನ ಪಟ್ಟಿಯಲ್ಲಿ ಬರಹವೆಂದು ಸೂಚಿಸಿದ ಸಾಲನ್ನು ಆರಿಸಿದರೆ ಬರಹವೇ ಬರುತ್ತದೆ, ಜಾಹೀರಾತಿನ ಪರದೆ ಮೇಲೆ ಬೀಳುವುದಿಲ್ಲ ಎಂಬ ಭರವಸೆ ಓದುಗನಿಗೆ ಮೊದಲೇ ಇರುತ್ತದೆ.

ಮೂರನೆಯದು, ಇದೆಲ್ಲ ಹಳೆಯದರ ಮೇಲಿನ ವ್ಯಾಮೋಹವೆಂಬ ಆರೋಪ. ಹಳೆಯದೆಂಬ ಕಾರಣಕ್ಕೆ ಯಾವುದನ್ನಾದರೂ ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ಪ್ರಯೋಗಶಾಲೆಯಲ್ಲಿ ಪಾದರಸದ ಉಪಕರಣಗಳು ಹಳೆಯವೇ. ಪಾದರಸವು ವಿಷವೆಂದು ತಿಳಿದ ಮೇಲೆ ಅವನ್ನು ಬಿಡುತ್ತಿದ್ದೇವೆ, ಅದು ಸರಿಯೇ. ಹಳೆಯ ವಸ್ತುವು ಇಂದಿನ ಒಂದು ಕೆಲಸವನ್ನು ಇಂದಿನ ವಸ್ತುವಿಗಿಂತ ಚೆನ್ನಾಗಿ ಮಾಡುತ್ತದೆಯೇ ಎಂಬುದೊಂದೇ ಪರೀಕ್ಷೆ. ತಿಳಿವಳಿಕೆ ಕೊಡುವುದರಲ್ಲಿ, ಶುದ್ಧ ಬರಹವನ್ನು ಅಗ್ಗವಾಗಿ ಒದಗಿಸುವುದರಲ್ಲಿ ಗೋಫರ್ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಬೇರೆ ಹಲವು ವಿಷಯಗಳಲ್ಲಿ ಆಗುವುದಿಲ್ಲ.

ನಾವು ಮಾಡಬಹುದಾದುದು

ಉಳಿಸಿಕೊಳ್ಳುವ ಬಗೆಯಲ್ಲಿಯೂ ಎಚ್ಚರ ಬೇಕು. ಉಪಯುಕ್ತವಾಗಲೆಂದು ಹೊಸ ಹೊಸ ಸೌಕರ್ಯಗಳನ್ನು ತುರುಕುತ್ತ ಹೋದರೆ ಸರಳತೆಯೇ ಮಾಯವಾಗಿ, ಗೋಫರು ಎರಡನೆಯ ದರ್ಜೆಯ ವೆಬ್ ಆದೀತು. ಬಳಕೆದಾರರು ಇದುವರೆಗೆ ಮಾಡಿಕೊಂಡಿರುವ ತಿದ್ದುಪಾಡುಗಳು ಮಿತವಾಗಿವೆ. ಉದಾಹರಣೆಗೆ, ಆರಿಸಲಾಗದ, ಕೇವಲ ಓದಲಿರುವ ಸಾಲನ್ನು ಪಟ್ಟಿಯಲ್ಲಿ ಸೇರಿಸಲು ಮೊದಲ ಚಿಹ್ನೆಯಾಗಿ ಆಂಗ್ಲದ ಸಣ್ಣ ‘ಐ’ ಅಕ್ಷರವನ್ನು ಇಡುವ ಪದ್ಧತಿ 1993ರ ವಿವರಣೆಯಲ್ಲಿರಲಿಲ್ಲ, ರೂಢಿಯಿಂದ ಬಂದಿತು. ಪಟ್ಟಿಯ ರಚನೆಯನ್ನು ಅದು ಕೆಡಿಸಲಿಲ್ಲ. ಲಿಪಿಗೆ ಯುಟಿಎಫ್-8 ಬಳಸುವುದೂ ಇಂಥದೇ. ಇದಕ್ಕಿಂತ ಮುಂದೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ನಮ್ಮ ಕಾಲೇಜುಗಳು ಮಾಡಬಹುದಾದ ಕೆಲಸ ಸಣ್ಣದು. ಒಂದು ಹಳೆಯ ಗಣಕದಲ್ಲಿ ಗೋಫರ್ ಸರ್ವರನ್ನು ನಡೆಸಲಿ. ಮೊದಮೊದಲು ಅದು ಕಾಲೇಜಿನ ಒಳಜಾಲದಲ್ಲಿಯೇ ಇರಲಿ. ಪ್ರಯೋಗಗಳ ಸೂಚನೆಗಳು, ಉಪನ್ಯಾಸದ ಟಿಪ್ಪಣಿಗಳು, ಗ್ರಂಥಾಲಯದ ಪಟ್ಟಿ, ಮಳೆ ಮತ್ತು ಉಷ್ಣತೆಯ ದೈನಂದಿನ ಲೆಕ್ಕ ಇವುಗಳನ್ನು ಅದರಲ್ಲಿ ಕನ್ನಡದಲ್ಲಿ ಇಡಲಿ. ಲೆಕ್ಕವನ್ನು ಬರೆದಿಡುವ ಹೊಣೆ ಒಂದು ತರಗತಿಯದು, ಅದನ್ನು ಓದುವ ಸಾಧನವನ್ನು ಬರೆಯುವ ಹೊಣೆ ಇನ್ನೊಂದು ತರಗತಿಯದು ಎಂದು ಹಂಚಿಕೊಳ್ಳಲಿ. ಒಬ್ಬರ ಸಾಧನವು ಇನ್ನೊಬ್ಬರ ಸರ್ವರಿನೊಡನೆ ಹೊಂದಿಕೊಂಡು ಮಾತನಾಡಿದಾಗ, ನಿಯಮಾವಳಿ ಎಂದರೇನೆಂಬುದು ಯಾವ ಪಠ್ಯಪುಸ್ತಕದ ನೆರವೂ ಇಲ್ಲದೆ ಮನವರಿಕೆಯಾಗುತ್ತದೆ.

ಕಾಲೇಜು ಇದನ್ನು ಆರಂಭಿಸುವವರೆಗೆ ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ಲಿಂಕ್ಸ್ ಬ್ರೌಸರೂ ಕರ್ಲ್ ಎಂಬ ಸಾಧನವೂ ಗೋಫರನ್ನು ಬಲ್ಲವು. ಎರಡೂ ಉಚಿತವಾಗಿ ದೊರೆಯುತ್ತವೆ. ಮೊದಲು ಅವುಗಳ ಮೂಲಕ ಒಂದು ಸರ್ವರನ್ನು ಸಂದರ್ಶಿಸಿ, ಬಂದ ಪಟ್ಟಿಯ ಸಾಲುಗಳನ್ನು ಅಂಗ ಅಂಗವಾಗಿ ಬಿಡಿಸಿ ನೋಡಿ. ಆಮೇಲೆ ಆ 16 ಪುಟಗಳ ವಿವರಣೆಯನ್ನು ಓದಿ, ಕ್ಲೈಂಟನ್ನು ನೀವೇ ಬರೆಯಲು ತೊಡಗಿ. ಮೊದಲ ದಿನ ಅದು ತಪ್ಪು ಮಾಡೀತು. ಟ್ಯಾಬ್ ಎಲ್ಲಿ ಕತ್ತರಿಸಿತು, ಸಾಲು ಎಲ್ಲಿ ಕೊನೆಗೊಂಡಿತು ಎಂದು ಹುಡುಕಬೇಕಾದೀತು. ಆ ಹುಡುಕಾಟದಲ್ಲಿ ಕಲಿತುದು ಮರೆಯುವುದಿಲ್ಲ. ದಿನವೂ ಬಳಸುವ ಜಾಲದ ಒಂದು ಭಾಗವನ್ನಾದರೂ ಆದಿಯಿಂದ ಅಂತ್ಯದವರೆಗೆ ತಾನು ಬಲ್ಲೆನೆಂದು ಹೇಳಬಲ್ಲ ವಿದ್ಯಾರ್ಥಿಗಳು ಊರಿಗೆ ನಾಲ್ಕು ಮಂದಿ ಇದ್ದರೂ, ಗೋಫರು ಇಂದಿನ ಕಾಲಕ್ಕೆ ಉಪಯುಕ್ತವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗದು.